ಯಾವ ವಿಮಾನ, ಯಾವ ಹೊತ್ತು, ಎಷ್ಟು ದೂರ? ಹಾಗೇ ಆ ಲ್ಯಾಂಡಿಂಗ್ ರೇಟ್ ಪಟ್ಟಿಯ ವಿಷಯ

ಡಿಸ್ಪ್ಯಾಚ್_ಡೆಸ್ಕ್

ಎಲ್ಲರಿಗೂ ನಮಸ್ಕಾರ. ನಮ್ಮ ವರ್ಚುವಲ್ ಏರ್‌ಲೈನ್‌ಗೆ, ಅಂದರೆ ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ (ಸಿಮ್) ವಿಮಾನ ಹಾರಿಸುವ ನಮ್ಮ ಗುಂಪಿಗೆ, ಹೊಸ ವೇಳಾಪಟ್ಟಿ ಮಾಡುವ ಕೆಲಸ ಶುರುವಾಗಿದೆ. ನಿಜವಾದ ಏರ್‌ಲೈನ್‌ಗಳ ಪಟ್ಟಿಯನ್ನೇ ಎತ್ತಿ ಹಾಕಿಬಿಡಬಹುದು, ಸುಲಭ. ಆದರೆ ಹಾಗೆ ಮಾಡಿದರೆ ಅರ್ಧ ರೂಟ್‌ಗಳನ್ನು ಯಾರೂ ಮುಟ್ಟುವುದಿಲ್ಲ. ನಾವ್ಯಾರೂ ಸಂಬಳಕ್ಕೆ ಹಾರಿಸುತ್ತಿಲ್ಲ ಅಲ್ವಾ? ಮನಸ್ಸು ಬಂದದ್ದನ್ನು ಹಾರಿಸುತ್ತೇವೆ. ಅದಕ್ಕೇ ಮೊದಲು ನಿಮ್ಮನ್ನೇ ಕೇಳೋಣ ಅಂತ.

ಯಾವ ಸಿಮ್, ಯಾವ ವಿಮಾನ? ಯಾವ ಹೊತ್ತಿಗೆ ಕೂರುತ್ತೀರಿ, ಕೂತರೆ ಎಷ್ಟು ಹೊತ್ತು? ಬೇರೆ ಪೈಲಟ್‌ಗಳೂ ಕಂಟ್ರೋಲರ್‌ಗಳೂ ಇರುವ ವ್ಯಾಟ್‌ಸಿಮ್, ಐವಿಎಒ ಮೇಲೆ ಆನ್‌ಲೈನಾ, ಇಲ್ಲಾ ಒಬ್ಬರೇನಾ? ನಿಜವಾದ ಹವಾಮಾನ ಹಾಕುತ್ತೀರಾ, ಯಾವಾಗಲೂ ನೀಲಿ ಆಕಾಶನಾ? ಕೋಲ್ಡ್ ಅಂಡ್ ಡಾರ್ಕ್‌ನಿಂದ (ಎಲ್ಲಾ ಆಫ್ ಇರುವ ವಿಮಾನದಿಂದ) ಶುರುವಾ, ರನ್‌ವೇ ಮೇಲಿಂದಲೇನಾ? ಇಲ್ಲಿ ಯಾರೂ ಯಾರನ್ನೂ ಆಡಿಕೊಳ್ಳುವುದಿಲ್ಲ. (ಸರಿ, ಎಟಿಆರ್_ಗುರು ಆಡಿಕೊಳ್ಳುತ್ತಾರೆ. ಅವರನ್ನು ಬಿಡಿ.)

ಇನ್ನೊಂದು ವಿಷಯ. ಲ್ಯಾಂಡಿಂಗ್ ರೇಟ್ ಪಟ್ಟಿ (ನೆಲ ಮುಟ್ಟುವಾಗ ವಿಮಾನ ನಿಮಿಷಕ್ಕೆ ಎಷ್ಟು ಅಡಿ ಇಳಿಯುತ್ತಿತ್ತು ಅನ್ನುವ ಲೆಕ್ಕ, ಕಡಿಮೆ ಇದ್ದವರು ಮೇಲೆ) ಈಗ ಒಳಗಿನ ಯಾವುದೋ ಮೂಲೆಯಲ್ಲಿದೆ. ಅದನ್ನು ಮುಖಪುಟಕ್ಕೆ ತಂದು, ತಿಂಗಳಿಗೊಬ್ಬರಿಗೆ ಬ್ಯಾಡ್ಜ್ ಕೊಡೋಣ ಅನ್ನುವ ಯೋಚನೆ ಇದೆ. ಅದರ ಬಗ್ಗೆಯೂ ಒಂದು ಮಾತು ಹೇಳಿ.

ಎಟಿಆರ್_ಗುರು

ಆಡಿಕೊಳ್ಳದೆ ಬಿಡುತ್ತೇನಾ? ರನ್‌ವೇ ಮೇಲಿಂದ ಶುರು ಮಾಡುವವರು ಬಿಎಂಟಿಸಿ ಬಸ್ಸಿಗೆ ಓಡಿ ಬಂದು ಹಿಂಬಾಗಿಲಲ್ಲಿ ನೇತಾಡುವವರ ಥರ.

ನನ್ನದು ಎಂಎಸ್‌ಎಫ್‌ಎಸ್ (ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್) 2020, ಪ್ರೊಪೆಲ್ಲರ್ ಇರುವ ಎಟಿಆರ್ 72-600. ಬೇರೆ ಏನೂ ಇಲ್ಲ. ಬೆಂಗಳೂರಿಂದ ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಮೈಸೂರು. ಗಾಳಿಯಲ್ಲಿ ಇರುವುದು ಒಂದು ಗಂಟೆ, ಅಷ್ಟೇ. ಆದರೆ ಆ ಒಂದು ಗಂಟೆ ಕೈಗೆ ಬಿಡುವಿಲ್ಲ. ಏರ್‌ಬಸ್ ಎ320ಯವರು ಮೇಲೇರುತ್ತಿದ್ದ ಹಾಗೇ ಆಟೊಪೈಲಟ್ ಒತ್ತಿ ಟೀ ಮಾಡಲು ಎದ್ದು ಹೋಗುತ್ತಾರೆ. ಎಟಿಆರ್‌ನಲ್ಲಿ ಪವರನ್ನು ತಾನೇ ಹೊಂದಿಸುವ ಆಟೊಥ್ರಾಟಲ್ಲೇ ಇಲ್ಲ. ಮೇಲೆ ಹೋದ ಮೇಲೆ ಪವರ್ ಮ್ಯಾನೇಜ್‌ಮೆಂಟ್ ಗುಂಡಿಯನ್ನು ಟೇಕಾಫ್‌ನಿಂದ ಕ್ಲೈಂಬ್‌ಗೆ, ಆಮೇಲೆ ಕ್ರೂಸ್‌ಗೆ ನೀವೇ ತಿರುಗಿಸಬೇಕು. ಇಳಿಯುವಾಗ ವೇಗದ ಮೇಲೆ ಕಣ್ಣಿಟ್ಟೇ ಇರಬೇಕು.

ನೆಲದ ಮೇಲೂ ಮಜಾ ಇದೆ. ನಿಂತಾಗ ಕರೆಂಟು ಕೊಡುವ ಎಪಿಯು ಅನ್ನುವ ಸಣ್ಣ ಎಂಜಿನ್ ಇದಕ್ಕೆ ಇಲ್ಲ. ಅದರ ಬದಲು ಹೋಟೆಲ್ ಮೋಡ್. ಬಲಗಡೆ ಎಂಜಿನ್ ಓಡುತ್ತಿರುತ್ತದೆ, ಆದರೆ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ನಿಲ್ಲಿಸಿರುತ್ತೀರಿ. ಕ್ಯಾಬಿನ್‌ಗೆ ಕರೆಂಟೂ ಬರುತ್ತದೆ, ತಣ್ಣನೆ ಗಾಳಿಯೂ ಬರುತ್ತದೆ. ಎಡಗಡೆ ಬಾಗಿಲಿಂದ ಜನ ಹತ್ತುತ್ತಿರುತ್ತಾರೆ. ಹೊಸಬರು ಕಿಟಕಿಯಿಂದ ನೋಡಿ, ಎಂಜಿನ್ ಶಬ್ದ ಬರ್ತಿದೆ, ಪ್ರೊಪೆಲ್ಲರ್ ತಿರುಗ್ತಿಲ್ಲ, ಸಿಮ್ ಕೆಟ್ಟಿದೆ ಅಂತ ಡಿಸ್ಕಾರ್ಡ್‌ನಲ್ಲಿ ಕೇಳುತ್ತಾರೆ. ಕೆಟ್ಟಿಲ್ಲ.

ಏರ್ ಡೆಕ್ಕನ್ 2003ರಲ್ಲಿ ಬೆಂಗಳೂರಿಂದ ಶುರುವಾಗಿದ್ದೂ ಎಟಿಆರ್‌ನಿಂದಲೇ. ವೇಳಾಪಟ್ಟಿಯಲ್ಲಿ ಆ ಹಳೇ ಬಣ್ಣದ ವಿಮಾನಕ್ಕೂ ಒಂದು ಜಾಗ ಕೊಡಿ.

ರಾತ್ರಿಪಾಳಿ

ಗುರುಗಳೇ, ಎಟಿಆರ್‌ಗೆ ಪ್ಯಾಸೆಂಜರ್ ಹತ್ತುವುದೇ ಹಿಂಬಾಗಿಲಿಂದ.

ಎಟಿಆರ್_ಗುರು

ಅದು ಡಿಸೈನು. ಇದು ಸೋಮಾರಿತನ.

ರಾತ್ರಿಪಾಳಿ

ನನ್ನ ಕತೆ ಹೇಳುತ್ತೇನೆ. ಮಗಳು ಮಲಗಬೇಕು, ಪಾತ್ರೆ ಕೆಲಸ ಮುಗಿಯಬೇಕು, ಆಮೇಲೆ ಹೆಡ್‌ಸೆಟ್. ಅಂದರೆ ಹತ್ತೂವರೆ ಮೇಲೆ. ಬೆಳಿಗ್ಗೆ ಒಂಬತ್ತಕ್ಕೆ ಸ್ಟ್ಯಾಂಡಪ್ ಮೀಟಿಂಗ್ ಇರುವವನಿಗೆ ಚೆನ್ನೈ, ಹೈದರಾಬಾದ್, ಕೊಚ್ಚಿಗಿಂತ ದೂರ ಆಗುವುದಿಲ್ಲ. ಫ್ಲೈಬೈವೈರ್‌ನ ಎ320, ಯಾಕೆಂದರೆ ಪುಕ್ಕಟೆ ಮತ್ತು ಒಳ್ಳೆಯದು. ಸಿಮ್‌ಬ್ರೀಫ್ ವೆಬ್‌ಸೈಟ್‌ನಲ್ಲಿ ಪ್ಲಾನ್ ಮಾಡುತ್ತೇನೆ, ವಿಮಾನದ ಕಂಪ್ಯೂಟರ್ ಎಂಸಿಡಿಯುನಲ್ಲಿ ಇನಿಟ್ ರಿಕ್ವೆಸ್ಟ್ ಒತ್ತಿದರೆ ಎಲ್ಲಾ ತಾನೇ ಬರುತ್ತದೆ. ಬೋರ್ಡಿಂಗನ್ನು ಕಾಕ್‌ಪಿಟ್ ಟ್ಯಾಬ್ಲೆಟ್ ಫ್ಲೈಪ್ಯಾಡ್‌ನಲ್ಲಿ ಇನ್‌ಸ್ಟಂಟ್‌ಗೆ ಇಡುತ್ತೇನೆ. ನಿಜವಾದ ವೇಗದಲ್ಲಿ ಜನ ಹತ್ತುವುದನ್ನು ನೋಡುತ್ತಾ ಕೂರಲು ನನಗೆ ಟೈಮಿಲ್ಲ, ಕ್ಷಮಿಸಿ.

ಇನ್ನೊಂದು ಚಟ. ಹೊರಗೆ ಮಧ್ಯರಾತ್ರಿ, ನಾನು ಸಿಮ್‌ನಲ್ಲಿ ಬೆಳಿಗ್ಗೆ ಆರೂವರೆ ಇಡುತ್ತೇನೆ. ವಾರವಿಡೀ ಕತ್ತಲೆಯನ್ನೇ ಹಾರಿಸಲು ಆಗುವುದಿಲ್ಲ. ಇಲ್ಲಿ ಕೆಲವರು ಅದು ಮೋಸ ಅಂತಾರೆ. ಹವಾಮಾನ ನಿಜದ್ದೇ ಹಾಕಿದ್ದೇನಲ್ಲ, ಸೂರ್ಯನನ್ನು ಸ್ವಲ್ಪ ಮುಂದೆ ತಳ್ಳಿದರೆ ಯಾರಿಗೇನು ನಷ್ಟ?

ಲ್ಯಾಂಡಿಂಗ್ ಪಟ್ಟಿ ಮುಖಪುಟಕ್ಕೆ ಬಂದರೂ ಸರಿ, ಬರದಿದ್ದರೂ ಸರಿ.

ಉದ್ದದಾರಿ

ಬೋಯಿಂಗ್ 777, ಎಕ್ಸ್-ಪ್ಲೇನ್ 12 ಸಿಮ್. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ. ಏರ್ ಇಂಡಿಯಾ ಆ ರೂಟ್ ಶುರು ಮಾಡಿದ್ದು 2021ರ ಜನವರಿಯಲ್ಲಿ. ಮೊದಲ ವಿಮಾನ ಅಲ್ಲಿಂದ ಇಲ್ಲಿಗೆ, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರು, ಉತ್ತರ ಧ್ರುವದ ದಾರಿ. ಅವತ್ತು ರಾತ್ರಿಯೆಲ್ಲಾ ಫ್ಲೈಟ್‌ರಾಡಾರ್ ನೋಡಿಕೊಂಡು ಕೂತಿದ್ದೆ. ಅಲ್ಲಿಂದ ಇದೇ ಹುಚ್ಚು.

ನಾನು ಮಾಡುವುದು ಹೀಗೆ. ಶುಕ್ರವಾರ ರಾತ್ರಿ ಟೇಕಾಫ್. ಮಲಗುತ್ತೇನೆ. ಎದ್ದಾಗ ಸಾಗರದ ಮೇಲೋ ಹಿಮದ ಮೇಲೋ ಇರುತ್ತದೆ. ತಿಂಡಿ ತಿನ್ನುತ್ತೇನೆ, ತರಕಾರಿ ತರುತ್ತೇನೆ, ಬಂದು ಇಳಿಸುತ್ತೇನೆ. ಟೈಮ್ ಆಕ್ಸಲರೇಷನ್ ಮಾತ್ರ ಮುಟ್ಟುವುದಿಲ್ಲ. 17 ಗಂಟೆ ಅಂದರೆ 17 ಗಂಟೆ. ಮನೆಯಲ್ಲಿ ಕೇಳುತ್ತಾರೆ, ಇದು ತಾನೇ ಹೋಗುತ್ತಿದ್ದರೆ ನಿನ್ನದೇನು ಕೆಲಸ ಅಂತ. ಅದಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಗಂಟೆಗಳಿಗೆ ರ‍್ಯಾಂಕ್ ಕೊಡುವುದನ್ನು ದಯವಿಟ್ಟು ತೆಗೆಯಬೇಡಿ. ನನಗಿರುವುದು ಅದೊಂದೇ ಆಸ್ತಿ.

ಟವರ್_ಮೇಲೆ

ಉದ್ದದಾರಿ ಸಾರ್, ಮಲಗುವ ಹಾರಾಟ ಆಫ್‌ಲೈನ್ ತಾನೇ? ವ್ಯಾಟ್‌ಸಿಮ್‌ನಲ್ಲಿ ಕನೆಕ್ಟ್ ಆಗಿ ಅರ್ಧ ಗಂಟೆಗಿಂತ ಜಾಸ್ತಿ ಕುರ್ಚಿ ಬಿಟ್ಟು ಹೋಗುವ ಹಾಗಿಲ್ಲ. ಕಂಟ್ರೋಲರ್ ಕಡೆ ಕೂತು ನೋಡಿದರೆ ಗೊತ್ತಾಗುತ್ತದೆ. ಒಂದು ವಿಮಾನ ಉತ್ತರವೇ ಕೊಡದೆ ನೇರ ಬರುತ್ತಿರುತ್ತದೆ, ಉಳಿದ ಐದು ಜನರನ್ನು ಅದರ ಸುತ್ತ ತಿರುಗಿಸಿ ಕಳಿಸಬೇಕು.

ಉದ್ದದಾರಿ

ಪೂರ್ತಿ ಆಫ್‌ಲೈನ್ ಗುರು. ನಿದ್ದೆಯಲ್ಲಿ ರೇಡಿಯೋ ಮಾತಾಡುವ ವಿದ್ಯೆ ನನಗೆ ಬರುವುದಿಲ್ಲ.

ಟವರ್_ಮೇಲೆ

ಹಾಗಾದರೆ ಸರಿ. ನನ್ನ ಅಭ್ಯಾಸವನ್ನೂ ಬರೆಯುತ್ತೇನೆ. ನಾನು ಹಾರಿಸುವುದಕ್ಕಿಂತ ಟವರ್‌ನಲ್ಲಿ ಕೂರುವುದೇ ಜಾಸ್ತಿ, ಅದೂ ಶನಿವಾರ, ಭಾನುವಾರ ಸಂಜೆ. ವಾರದ ದಿನಗಳಲ್ಲಿ ವ್ಯಾಟ್‌ಸಿಮ್‌ನಲ್ಲಿ ಬೆಂಗಳೂರು ಬಹುತೇಕ ಖಾಲಿ. ಕಂಟ್ರೋಲರ್ ಇಲ್ಲದಾಗ ಬಳಸುವ 122.800 ರೇಡಿಯೋ ಚಾನೆಲ್‌ನಲ್ಲಿ ನಿಮಗೆ ನೀವೇ ಹೇಳಿಕೊಂಡು ಹೋಗಬೇಕು. ಯುರೋಪಿನ ಜನ ಆಫೀಸು ಮುಗಿಸಿ ಬರುವ ಹೊತ್ತಿಗೆ ನಮಗೆ ರಾತ್ರಿ ಹನ್ನೊಂದು. ಅದಕ್ಕೇ ರಾತ್ರಿಪಾಳಿ ಥರದವರು ಒಮ್ಮೆ ಲಂಡನ್, ಫ್ರಾಂಕ್‌ಫರ್ಟ್ ಕಡೆಯ ಸಣ್ಣ ಹಾರಾಟ ಮಾಡಿ ನೋಡಿ. ಕಿವಿ ತುಂಬ ಕಂಟ್ರೋಲರ್‌ಗಳು ಇರುತ್ತಾರೆ.

ಒಂದು ವಿನಂತಿ. ಕೆಲವರು ಎಲ್ಲಾ ಕಾಲದಲ್ಲೂ ರನ್‌ವೇ 27ರಿಂದಲೇ (ಪಶ್ಚಿಮಕ್ಕೆ ಮುಖ) ಟೇಕಾಫ್ ಕೇಳುತ್ತಾರೆ, ಸಿಮ್ ಅಲ್ಲೇ ಇಟ್ಟಿತ್ತು ಅಂತ. ಬೆಂಗಳೂರಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಗಾಳಿ ಪಶ್ಚಿಮದ್ದು, ಆಗ 27 ಸರಿ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ, ಆಗ 09 (ಪೂರ್ವಕ್ಕೆ ಮುಖ). ಮೆಟಾರ್ (ನಿಲ್ದಾಣದ ಹವಾಮಾನ ವರದಿ) ಓದಲು ಅರ್ಧ ನಿಮಿಷ ಸಾಕು. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿಯ ಮಂಜು ನೋಡಬೇಕೆಂದರೆ ನಿಜವಾದ ಹವಾಮಾನ ಹಾಕಿಕೊಂಡು ಐದೂವರೆಗೆ ಏಳಿ. ರನ್‌ವೇ ದೀಪಗಳು ಕೊನೇ ಗಳಿಗೆಯಲ್ಲಿ ಕಾಣುತ್ತವೆ. ಅದರ ಮುಂದೆ ಯಾವ ಬ್ಯಾಡ್ಜೂ ಏನೂ ಅಲ್ಲ.

ಬೆಣ್ಣೆದೋಸೆ

ನಾನು ಪಟ್ಟಿಯ ಪರ. ಹೌದು, ಈಗ ಮೇಲಿರುವುದು ನಾನೇ, ಅದಕ್ಕೇ ಅನ್ನುತ್ತೀರಿ. ಅನ್ನಿ.

ಎ320 ಫೆನಿಕ್ಸ್, ಸೈಡ್‌ಸ್ಟಿಕ್, ರಡ್ಡರ್ ಪೆಡಲ್ ಎಲ್ಲಾ ಇದೆ. ಸಂಜೆ ಆರರಿಂದ ಎಂಟು. 20 ಅಡಿಗೆ ವಿಮಾನ ‘ರಿಟಾರ್ಡ್’ (ಪವರ್ ತೆಗಿ) ಅಂತ ಕೂಗಿದ ಮೇಲೆ ಆ ಎರಡು ಮೂರು ಸೆಕೆಂಡ್ ಇದೆಯಲ್ಲ, ಪೂರ್ತಿ ಹಾರಾಟದಲ್ಲಿ ನಾನು ಕಾಯುವುದೇ ಅದಕ್ಕೆ. ಮೂಗು ಒಂದು ಚೂರು ಎತ್ತಿ, ಹಿಡಿದು, ಹಿಡಿದು, ಚಕ್ರ ತಾಗಿದ್ದೇ ಗೊತ್ತಾಗಬಾರದು. ಹಾರಾಟ ದಾಖಲಿಸುವ ಏಕಾರ್ಸ್ ಸಾಫ್ಟ್‌ವೇರ್‌ನಲ್ಲಿ ನಿಮಿಷಕ್ಕೆ 60 ಅಡಿ, 50 ಅಡಿ ಅಂತ ಬಂದರೆ ಆ ದಿನ ಊಟ ರುಚಿ. ಆಟ ಅಂದಮೇಲೆ ಸ್ಕೋರ್ ಬೇಡವಾ? ಬರೀ ಗಂಟೆ ಲೆಕ್ಕ ಹಾಕಿದರೆ ಮಲಗಿದವರೇ ಗೆಲ್ಲುತ್ತಾರೆ. (ಉದ್ದದಾರಿ ಅಣ್ಣ, ಬೇಜಾರಾಗಬೇಡಿ.)

ನಿಧಾನ_ಲ್ಯಾಪ್‌ಟಾಪ್

ನನ್ನಂಥವನಿಗೆ ಆ ಪಟ್ಟಿ ಮೊದಲಿಂದಲೂ ಬಾಗಿಲು ಮುಚ್ಚಿದ್ದೇ. ಹಳೇ ಲ್ಯಾಪ್‌ಟಾಪ್, ಎಕ್ಸ್-ಪ್ಲೇನ್ 11, ಜಿಬೋ 737. ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಜಾಯ್‌ಸ್ಟಿಕ್ ತಂದೆ, ಅದರ ನಡು ಸ್ವಲ್ಪ ಸಡಿಲ. ಬೆಂಗಳೂರಿನ ಮೇಲೆ ಬಂದರೆ ಕಟ್ಟಡಗಳು ಜಾಸ್ತಿ, ಫ್ರೇಮ್ (ಸೆಕೆಂಡಿಗೆ ಬರುವ ಚಿತ್ರಗಳು) ಕಡಿಮೆ. ನೆಲಕ್ಕೆ ಹತ್ತು ಅಡಿ ಇರುವಾಗ ಚಿತ್ರ ನಿಂತು, ಮುಂದಿನ ಚಿತ್ರದಲ್ಲಿ ವಿಮಾನ ಆಗಲೇ ನೆಲದ ಮೇಲಿರುತ್ತದೆ. ನಡುವೆ ನಾನೇನು ಮಾಡಬೇಕಿತ್ತು?

ಅದಕ್ಕೇ ಕಟ್ಟಡ ಕಡಿಮೆ ಇರುವ ಕಡೆ ಹೋಗುತ್ತೇನೆ. ಕಲಬುರಗಿ, ಬೀದರ್. ಅಲ್ಲಿ ಲ್ಯಾಪ್‌ಟಾಪೂ ಉಸಿರಾಡುತ್ತದೆ, ನಾನೂ ಉಸಿರಾಡುತ್ತೇನೆ. ಎಂಎಸ್‌ಎಫ್‌ಎಸ್ 2024 ಬಗ್ಗೆ ಕೇಳಲೇಬೇಡಿ. ನೆಲದ ಚಿತ್ರವೆಲ್ಲಾ ಹಾರುವಾಗಲೇ ನೆಟ್‌ನಿಂದ ಇಳಿಯಬೇಕು. ನಮ್ಮ ಬಾಡಿಗೆ ಮನೆಯ ವೈಫೈನಲ್ಲಿ ಓನರ್ ಆಂಟಿಯ ಸೀರಿಯಲ್ಲೇ ನಿಂತು ನಿಂತು ಓಡುತ್ತದೆ.

ಜಕ್ಕೂರು_172

ಸೈಲೆಂಟಾಗಿ ಓದುತ್ತಿದ್ದೆ, ಈಗ ಬರೆಯಲೇಬೇಕು ಅನಿಸಿತು. ನಾನು ನಿಜವಾದ ವಿಮಾನ ಕಲಿಯುತ್ತಿರುವವಳು. ಹೆಸರು ನೋಡಿದರೆ ಎಲ್ಲಿ, ಯಾವುದರಲ್ಲಿ ಅಂತ ಗೊತ್ತಾಗುತ್ತದೆ (ಜಕ್ಕೂರು, ಸೆಸ್ನಾ 172). ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು. ಮನೆಯ ಸಿಮ್ ಒಂದು ನಿಮಿಷವೂ ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ವಾರ ಯಾರಾದರೂ ಮೆಸೇಜ್ ಮಾಡಿ ಕೇಳುತ್ತಾರೆ, ಅದಕ್ಕೇ ಇಲ್ಲೇ ಹೇಳಿಬಿಟ್ಟೆ. ಆದರೂ ಯಾಕೆ ಕೂರುತ್ತೇನೆ ಅಂದರೆ, ಉಪಕರಣಗಳ ಮೇಲೆ ಕಣ್ಣು ಓಡಿಸುವುದು, ರೇಡಿಯೋದಲ್ಲಿ ತಡವರಿಸದೆ ಉತ್ತರ ಕೊಡುವುದು, ಇವೆರಡೂ ಮನೆಯಲ್ಲೇ ರೂಢಿಯಾಗುತ್ತವೆ.

ಈಗ ಪಟ್ಟಿಯ ವಿಷಯ. ಬೆಣ್ಣೆ, ನೀನು ಹೇಳಿದ ‘ಹಿಡಿದು, ಹಿಡಿದು’ ಇದೆಯಲ್ಲ, ಅದನ್ನೇ ನಮ್ಮ ಇನ್‌ಸ್ಟ್ರಕ್ಟರ್‌ಗಳು ಬಿಡಿಸುವುದು. ಎ320 ಸುಮಾರು 140 ನಾಟ್‌ನಲ್ಲಿ ಬರುತ್ತಿದೆ ಅಂದುಕೋ. ಅಂದರೆ ಸೆಕೆಂಡಿಗೆ 70 ಮೀಟರ್ ಚಿಲ್ಲರೆ. ಮೆತ್ತಗೆ ಇಳಿಸಬೇಕು ಅಂತ ನೀನು ಐದು ಸೆಕೆಂಡ್ ತೇಲಿದರೆ 350 ಮೀಟರ್ ರನ್‌ವೇ ನಿನ್ನ ಹಿಂದೆ ಹೋಯಿತು. ಹಿಂದೆ ಹೋದ ರನ್‌ವೇ ಯಾರಿಗೂ ಉಪಯೋಗವಿಲ್ಲ. ಅದೂ ಮಳೆಯಾಗಿದ್ದರೆ ಚಕ್ರ ಸ್ವಲ್ಪ ಗಟ್ಟಿಯಾಗಿಯೇ ಕೂರಬೇಕು. ನೀರಿನ ಪದರ ಸೀಳಿ ನೆಲ ಹಿಡಿಯಬೇಕು, ಚಕ್ರ ತಿರುಗಬೇಕು, ಭಾರ ಬಿದ್ದ ಮೇಲೇ ರೆಕ್ಕೆ ಮೇಲಿನ ಸ್ಪಾಯ್ಲರ್ ಪೂರ್ತಿ ಏಳಬೇಕು. ತೇವದ ರನ್‌ವೇ ಮೇಲೆ ನಿಮಿಷಕ್ಕೆ 50 ಅಡಿಯ ಲ್ಯಾಂಡಿಂಗ್ ಮಾಡಿದೆ ಅಂತ ಕ್ಲಾಸಿನಲ್ಲಿ ಹೇಳಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಬೆಣ್ಣೆದೋಸೆ

ಅಕ್ಕ, ಬೆಂಗಳೂರಿನ ರನ್‌ವೇ 4,000 ಮೀಟರ್. 350 ಹೋದರೆ ಹೋಗಲಿ.

ಬಜ್ಪೆ_24

ಆ ಮಾತಿನಲ್ಲೇ ಇಡೀ ವಿಷಯ ಇದೆ, ನೋಡಿ.

ನನ್ನೂರು ಮಂಗಳೂರು, ಕೆಲಸ ಇಲ್ಲಿ, ವೈಟ್‌ಫೀಲ್ಡ್. ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುತ್ತೇನೆ, ಉಳಿದ ವಾರಾಂತ್ಯ ಸಿಮ್‌ನಲ್ಲಿ ಹೋಗುತ್ತೇನೆ. ಬೆಂಗಳೂರು, ಮಂಗಳೂರು, ವಾಪಸ್. ಅದೊಂದೇ ರೂಟ್, ಯಾವ ವಿಮಾನ ಸಿಕ್ಕರೂ ಸರಿ. ಪಶ್ಚಿಮಕ್ಕೆ ಹೋಗುವುದರಿಂದ ಸಮಸಂಖ್ಯೆಯ ಎತ್ತರ. ಎಟಿಆರ್ ಆದರೆ ಫ್ಲೈಟ್ ಲೆವೆಲ್ 160 ಅಥವಾ 180, ಅಂದರೆ ಸುಮಾರು 16,000 ಅಥವಾ 18,000 ಅಡಿ. ಘಟ್ಟದ ಅಂಚು ದಾಟುವಾಗ ಮಳೆಗಾಲದಲ್ಲಿ ನಿಜವಾದ ಹವಾಮಾನ ಹಾಕಿದರೆ ಮೋಡ ಗೋಡೆ ಕಟ್ಟಿರುತ್ತದೆ. ಆಮೇಲೆ ಒಮ್ಮೆಲೇ ಕೆಳಗೆ ಹಸಿರು, ಕೆಂಪು ಮಣ್ಣು, ಗುಡ್ಡದ ಮೇಲೆ ಒಂದು ರನ್‌ವೇ.

ಆ ರನ್‌ವೇ 2,450 ಮೀಟರ್. ಎರಡೂ ತುದಿಯಲ್ಲಿ ಕಣಿವೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅಲ್ಲಿ ರನ್‌ವೇ ದಾಟಿ ಹೋಯಿತು. 158 ಜನ ಹೋದರು, ಎಂಟು ಜನ ಉಳಿದರು. ತನಿಖಾ ವರದಿಯ ಪ್ರಕಾರ ವಿಮಾನ ನೆಲ ಮುಟ್ಟಿದ್ದು ರನ್‌ವೇ ಶುರುವಿನಿಂದ ಸುಮಾರು 5,200 ಅಡಿ ಆಚೆ. ಒಟ್ಟು ಉದ್ದವೇ ಎಂಟು ಸಾವಿರ ಅಡಿ ಚಿಲ್ಲರೆ. ಎತ್ತರ ಜಾಸ್ತಿ, ವೇಗ ಜಾಸ್ತಿ, ಅಪ್ರೋಚ್ (ಇಳಿಯಲು ಬರುವ ಹಾದಿ) ಸ್ಥಿರವಾಗಿರಲಿಲ್ಲ, ಆದರೂ ಸಮಯಕ್ಕೆ ಸರಿಯಾಗಿ ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡಲಿಲ್ಲ. ಅವರು ಮೆತ್ತಗೆ ಇಳಿಸಲು ಹೋಗಿ ಹಾಗಾಯಿತು ಅಂತ ನಾನು ಹೇಳುತ್ತಿಲ್ಲ, ಅದು ಬೇರೆ ಕಾರಣ. ಎಲ್ಲಿ ಮುಟ್ಟುತ್ತೀರಿ ಅನ್ನುವುದು ಎಷ್ಟು ಮುಖ್ಯ ಅಂತ ಮಾತ್ರ ಹೇಳುತ್ತಿದ್ದೇನೆ.

ಈಗ ನಮ್ಮ ಪಟ್ಟಿ ತೆಗೆದು ನೋಡಿ. ಮೇಲಿರುವ ಲ್ಯಾಂಡಿಂಗ್‌ಗಳೆಲ್ಲಾ ಯಾವ ಊರಿನವು? ಬೆಂಗಳೂರು, ಹೈದರಾಬಾದ್, ದೆಹಲಿ. ಉದ್ದ ರನ್‌ವೇಗಳು. ಮಂಗಳೂರು ಒಂದೂ ಇಲ್ಲ. ಇಲ್ಲದಿರುವುದಕ್ಕೆ ಕಾರಣ ಅಲ್ಲಿ ಇಳಿಸಲು ಬರುವುದಿಲ್ಲ ಅಂತ ಅಲ್ಲ. ಅಲ್ಲಿ ಸರಿಯಾಗಿ ಇಳಿಸಿದರೆ ನಿಮ್ಮ ನಂಬರ್ ಕೆಡುತ್ತದೆ. ಹಾಗಾಗಿ ಯಾರೂ ಹೋಗುವುದಿಲ್ಲ. ವೇಳಾಪಟ್ಟಿಯಲ್ಲಿ ರೂಟ್‌ಗಳನ್ನು ಯಾರೂ ಮುಟ್ಟುವುದಿಲ್ಲ ಅಂತ ಡೆಸ್ಕ್ ಮೊದಲಲ್ಲೇ ಬರೆದಿದ್ದಾರಲ್ಲ, ಅದಕ್ಕೆ ಅರ್ಧ ಕಾರಣ ಆ ಪಟ್ಟಿಯೇ. ಮುಖಪುಟಕ್ಕೆ ತಂದರೆ ಇನ್ನರ್ಧವೂ ಖಾಲಿಯಾಗುತ್ತದೆ.

ಇನ್ನೊಂದು ಮಾತು, ಇದು ಬೇರೆ ವಿಷಯ. ಆ ಅಪಘಾತವನ್ನು ಸಿಮ್‌ನಲ್ಲಿ ಮತ್ತೆ ಆಡಿಸಿ ವಿಡಿಯೋ ಹಾಕುವವರು ಇದ್ದಾರೆ. ನಮ್ಮ ಗುಂಪಿನಲ್ಲಿ ಅದು ಬೇಡ. ನಮ್ಮೂರಿನಲ್ಲಿ ಆ ದಿನ ಯಾರನ್ನೋ ಕಳೆದುಕೊಂಡ ಮನೆಗಳು ಇನ್ನೂ ಇವೆ.

ಡಿಸ್ಪ್ಯಾಚ್_ಡೆಸ್ಕ್

ಕೊನೆಯದಕ್ಕೆ ಚರ್ಚೆಯೇ ಇಲ್ಲ. ನಿಯಮದಲ್ಲಿ ಸೇರಿಸುತ್ತೇನೆ.

ಹಳೇ_ವಿಮಾನಪುರ

ಮಕ್ಕಳೇ, ನಾನು ನಿವೃತ್ತ. ವಯಸ್ಸು ಕೇಳಬೇಡಿ. ವಿಮಾನಗಳ ಶಬ್ದದಲ್ಲೇ ಬೆಳೆದವನು, ಕೆಲಸವೂ ಅದೇ ಗೋಡೆಯ ಒಳಗೆ ಸಿಕ್ಕಿತು. ದೇವನಹಳ್ಳಿಗೆ ವಿಮಾನ ನಿಲ್ದಾಣ ಹೋಗಿದ್ದು 2008ರ ಮೇನಲ್ಲಿ. ಅದಕ್ಕೆ ಮೊದಲು ಊರಿಗೆ ಬರುವವರೆಲ್ಲಾ ನಮ್ಮ ತಲೆ ಮೇಲಿಂದಲೇ ಇಳಿಯುತ್ತಿದ್ದರು. ಈಗಲೂ ನಾನು ಸಿಮ್‌ನಲ್ಲಿ ಎಚ್‌ಎಎಲ್ ರನ್‌ವೇಯಿಂದಲೇ ಹೊರಡುವುದು. ಡಿಸಿ-3, ಅಂದರೆ ನಮ್ಮ ಡಕೋಟಾ. ಎಂಎಸ್‌ಎಫ್‌ಎಸ್‌ಗೆ 2022ರ ಕೊನೆಯಲ್ಲಿ ಬಂತು. ಬೆಳಿಗ್ಗೆ ವಾಕಿಂಗ್, ಕಾಫಿ, ಪೇಪರ್, ಆಮೇಲೆ ಡಕೋಟಾ. ಮದ್ರಾಸಿಗೆ ಹೋಗಿ ಬರುವಷ್ಟರಲ್ಲಿ ಊಟದ ಹೊತ್ತು.

ಅದರಲ್ಲಿ ಬಾಲದ ಚಕ್ರ ಹಿಂದೆ ಇರುತ್ತದೆ. ಸ್ವಲ್ಪ ಅಡ್ಡ ಗಾಳಿ ಬಂದರೆ ನೆಲ ಮುಟ್ಟಿದ ಮೇಲೂ ವಿಮಾನ ಸುಮ್ಮನಿರುವುದಿಲ್ಲ, ಎಲ್ಲಿಗಾದರೂ ತಿರುಗಲು ನೋಡುತ್ತದೆ. ಕಾಲು ಪೆಡಲ್ ಮೇಲೆ ಕುಣಿಯುತ್ತಲೇ ಇರಬೇಕು. ನಿಮ್ಮ ಏಕಾರ್ಸ್ ನನಗೆ ಕೊಡುವ ನಂಬರ್ ನೋಡಿದರೆ ನಾನು ವಿಮಾನ ಎತ್ತಿ ಹಾಕಿದ ಹಾಗೆ ಇರುತ್ತದೆ. ಡಕೋಟಾಕ್ಕೆ ಅದು ಸರಿಯೇ. ಎಲ್ಲಾ ವಿಮಾನಕ್ಕೂ ಒಂದೇ ಅಳತೆ ಇಟ್ಟರೆ ಹೇಗೆ?

ಬಹುಮಾನ ಬೇಡ ಅಂತ ಹೇಳುವುದಿಲ್ಲ. ಹುಡುಗರಿಗೆ ಏನಾದರೂ ಬೇಕು.

ಎಟಿಆರ್_ಗುರು

ವಿಮಾನಪುರ ಸಾರ್ ಹೇಳಿದ್ದು ಸರಿ. ಎಟಿಆರ್ ಕೂಡ ಹಾಗೇ. ಕೊನೆಯಲ್ಲಿ ಪವರ್ ತೆಗೆದರೆ ದೊಪ್ಪನೆ ಕೂರುತ್ತದೆ. ಅದಕ್ಕೇ ಪಟ್ಟಿಯಲ್ಲಿ ನಾವು ಎಟಿಆರ್‌ನವರು ಎಲ್ಲೋ ಕೆಳಗೆ ಇದ್ದೇವೆ, ನನಗೆ ಅದರ ಚಿಂತೆಯೇ ಇಲ್ಲ. (ಸ್ವಲ್ಪ ಇದೆ.)

ಬೆಣ್ಣೆದೋಸೆ

ಸರಿ, ಕೇಳಿಸಿಕೊಂಡೆ. ಆದರೆ ಎಲ್ಲಾ ತೆಗೆದುಬಿಟ್ಟರೆ ಉಳಿಯುವುದೇನು? ನೀವೆಲ್ಲಾ ಒಂದು ಹಾರಾಟ ಮುಗಿಸಿ ಪೈರೆಪ್ (ಹಾರಾಟದ ವರದಿ) ಹಾಕಿ ಮೊದಲು ನೋಡುವುದು ಆ ನಂಬರನ್ನೇ, ಸುಳ್ಳು ಹೇಳಬೇಡಿ. ಮನುಷ್ಯನಿಗೆ ನಂಬರ್ ಬೇಕು. ಒಳ್ಳೇ ನಂಬರ್ ಯಾವುದು ಹೇಳಿ, ನಾನು ಅದಕ್ಕೇ ಆಡುತ್ತೇನೆ.

ಜಕ್ಕೂರು_172

ಇದು ನ್ಯಾಯವಾದ ಪ್ರಶ್ನೆ.

ನನ್ನನ್ನು ಕೇಳಿದರೆ ಎಲ್ಲಿ ಮುಟ್ಟಿದೆ ಅನ್ನುವುದನ್ನು ಅಳೆಯಿರಿ. ರನ್‌ವೇಯ ಮೊದಲ ಮೂರನೇ ಒಂದು ಭಾಗ ಅಥವಾ ಮೊದಲ 3,000 ಅಡಿ, ಯಾವುದು ಕಡಿಮೆಯೋ ಅದರೊಳಗೆ ಚಕ್ರ ತಾಗಬೇಕು. ಮಂಗಳೂರಿಗೆ ಲೆಕ್ಕ ಹಾಕಿದರೆ 800 ಮೀಟರ್ ಚಿಲ್ಲರೆ ಬರುತ್ತದೆ. ಬೆಂಗಳೂರಿನಲ್ಲಿ 4,000 ಮೀಟರ್ ಇದ್ದರೂ 3,000 ಅಡಿ ದಾಟಿದರೆ ಅಂಕ ಇಲ್ಲ. ಅಲ್ಲಿಗೆ ಉದ್ದ ರನ್‌ವೇ ಹುಡುಕಿಕೊಂಡು ಹೋಗಿ ಲಾಭವಿಲ್ಲ.

ಅದರ ಮುಂಚೆ, 1,000 ಅಡಿಯಲ್ಲಿ ಒಮ್ಮೆ ನೋಡಿ. ಚಕ್ರ ಇಳಿದಿದೆಯಾ, ಫ್ಲಾಪ್ ಲ್ಯಾಂಡಿಂಗ್‌ಗೆ ಇದೆಯಾ, ವೇಗ ಸರಿ ಇದೆಯಾ, ಇಳಿಯುವ ದರ ನಿಮಿಷಕ್ಕೆ 1,000 ಅಡಿ ಮೀರಿಲ್ಲ ತಾನೇ? ಒಂದು ಇಲ್ಲದಿದ್ದರೂ ಗೋ-ಅರೌಂಡ್. ಗೋ-ಅರೌಂಡ್ ಮಾಡಿದವರಿಗೆ ಪೂರ್ತಿ ಅಂಕ ಕೊಡಿ, ದಯವಿಟ್ಟು. ಈಗ ಏನಾಗಿದೆ ಅಂದರೆ, ಗೋ-ಅರೌಂಡ್ ಮಾಡಿದರೆ ಇಪ್ಪತ್ತು ನಿಮಿಷ ಜಾಸ್ತಿ, ಇಂಧನ ಜಾಸ್ತಿ, ಮಲಗುವುದು ತಡ. ಲಾಭ ಸೊನ್ನೆ. ಹಾಗಾಗಿ ಎಲ್ಲರೂ ಹೇಗೋ ಒಂದು ಇಳಿಸಿಬಿಡುತ್ತಾರೆ.

ಲ್ಯಾಂಡಿಂಗ್ ರೇಟ್‌ಗೆ ಮೇಲೊಂದು ಗೆರೆ ಇಟ್ಟರೆ ಸಾಕು. ಅದು ದಾಟಿದರೆ ಅಂಕ ಕಡಿತ. ಗೆರೆಯ ಒಳಗೆ 200 ಆದರೂ ಒಂದೇ, 50 ಆದರೂ ಒಂದೇ. ವಿಮಾನಪುರ ಸಾರ್ ಹೇಳಿದ ಹಾಗೆ ಆ ಗೆರೆ ವಿಮಾನಕ್ಕೆ ತಕ್ಕ ಹಾಗೆ ಬೇರೆ ಬೇರೆ ಇರಲಿ.

ನಿಧಾನ_ಲ್ಯಾಪ್‌ಟಾಪ್

ಇದಾದರೆ ನಾನೂ ಆಟಕ್ಕಿದ್ದೇನೆ. ಚಿತ್ರ ನಿಂತರೂ ಜಾಗ ಎಲ್ಲಿ ಅಂತ ಗೊತ್ತಾಗುತ್ತದಲ್ಲ.

ರಾತ್ರಿಪಾಳಿ

ಹನ್ನೊಂದೂವರೆಗೆ ಗೋ-ಅರೌಂಡ್ ಮಾಡಿದರೆ ಅಂಕ ಬರುತ್ತದೆ ಅಂದರೆ ನಾನೂ ಮಾಡುತ್ತೇನೆ. ಹೆಂಡತಿಗೆ ಡೆಸ್ಕ್‌ನವರೇ ಒಂದು ಪತ್ರ ಕೊಡಬೇಕು.

ಟವರ್_ಮೇಲೆ

ಒಂದು ತಾಂತ್ರಿಕ ಪ್ರಶ್ನೆ. ಮುಟ್ಟಿದ ಜಾಗವನ್ನು ಏಕಾರ್ಸ್ ಹೇಗೆ ತಿಳಿಯುತ್ತದೆ? ಅಕ್ಷಾಂಶ, ರೇಖಾಂಶ ಬರೆದುಕೊಳ್ಳುತ್ತದೆ, ಸರಿ. ರನ್‌ವೇ ಶುರು ಎಲ್ಲಿ ಅನ್ನುವುದು ನಮ್ಮ ಡೇಟಾದಲ್ಲಿ ಇರಬೇಕು. 28 ದಿನಕ್ಕೊಮ್ಮೆ ಏರಾಕ್ (ರನ್‌ವೇ, ದಾರಿಗಳ ಅಧಿಕೃತ ಡೇಟಾ) ಬದಲಾಗುತ್ತದೆ, ಎಲ್ಲರ ಹತ್ತಿರವೂ ಹೊಸದು ಇರುವುದಿಲ್ಲ. ಸಿಮ್‌ನ ರನ್‌ವೇಗೂ ನಿಜದ್ದಕ್ಕೂ ವ್ಯತ್ಯಾಸ ಇರುವ ಊರುಗಳೂ ಇವೆ.

ಡಿಸ್ಪ್ಯಾಚ್_ಡೆಸ್ಕ್

ಎಲ್ಲಾ ಊರಿಗೂ ಒಮ್ಮೆಲೇ ಬೇಡ. ಕರ್ನಾಟಕದ ನಿಲ್ದಾಣಗಳನ್ನು ಮೊದಲು ಕೈಯಿಂದಲೇ ಅಳೆದು ಹಾಕೋಣ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಕಲಬುರಗಿ, ಶಿವಮೊಗ್ಗ, ಬೀದರ್. ಎಕ್ಸ್-ಪ್ಲೇನ್‌ನಲ್ಲಿ ಅಳೆಯಲು ನಿಧಾನ_ಲ್ಯಾಪ್‌ಟಾಪ್ ಬರುತ್ತಾರಾ?

ನಿಧಾನ_ಲ್ಯಾಪ್‌ಟಾಪ್

ಬರುತ್ತೇನೆ. ಅದಕ್ಕೆ ಫ್ರೇಮ್ ಬೇಕಾಗಿಲ್ಲ.

ಡಿಸ್ಪ್ಯಾಚ್_ಡೆಸ್ಕ್

ಸರಿ. ಹಾಗಾದರೆ ಲ್ಯಾಂಡಿಂಗ್ ಪಟ್ಟಿ ಮುಖಪುಟಕ್ಕೆ ಬರುವುದಿಲ್ಲ. ಒಳಗಡೆ ಇರುವುದನ್ನೂ ಮುಂದಿನ ತಿಂಗಳು ನಿಲ್ಲಿಸುತ್ತೇವೆ. ಗಂಟೆಯ ರ‍್ಯಾಂಕ್ ಹಾಗೇ ಇರುತ್ತದೆ, ಉದ್ದದಾರಿ ಸಾರ್ ನೆಮ್ಮದಿಯಾಗಿ ಮಲಗಬಹುದು. ವೇಳಾಪಟ್ಟಿಯಲ್ಲಿ ವಾರದ ದಿನ ರಾತ್ರಿ ಒಂದೂವರೆ ಗಂಟೆಯೊಳಗಿನ ರೂಟ್‌ಗಳೇ ಜಾಸ್ತಿ ಇರುತ್ತವೆ. ಎಟಿಆರ್‌ಗೆ ಒಂದು ಪೂರ್ತಿ ಪುಟ. ಸಿಮ್‌ನಲ್ಲಿ ಸೂರ್ಯ ಯಾವಾಗ ಹುಟ್ಟಬೇಕು ಅನ್ನುವುದು ನಿಮ್ಮಿಷ್ಟ, ಅದರ ಮೇಲೆ ನಿಯಮ ಮಾಡುವುದಿಲ್ಲ. ಡಕೋಟಾಕ್ಕೆ ಎಚ್‌ಎಎಲ್‌ನಿಂದ ಮದ್ರಾಸ್ ರೂಟ್ ಹಾಕುತ್ತೇನೆ, ವಾರದ ದಿನ ಬೆಳಿಗ್ಗೆ.

ಹಳೇ_ವಿಮಾನಪುರ

ಒಂಬತ್ತರ ಮೇಲೆ ಇಡಪ್ಪಾ. ಕಾಫಿ ಆಗಿರಬೇಕು.

ಬೆಣ್ಣೆದೋಸೆ

ಬಜ್ಪೆ ಅಕ್ಕ, ಈ ಭಾನುವಾರ ಮಂಗಳೂರಿಗೆ ಬರುತ್ತೇನೆ. ರನ್‌ವೇ 24ರ ಮೇಲೆ. ನೀವು ಹಿಂದೆ ಬಂದು ನೋಡಿ, ಎಲ್ಲಿ ಮುಟ್ಟಿದೆ ಅಂತ ಹೇಳಿ.

ಬಜ್ಪೆ_24

ಬಾ. ಮಳೆ ಇದ್ದರೆ ಇನ್ನೂ ಒಳ್ಳೇದು.

ಎಟಿಆರ್_ಗುರು

ಅದರ ಮುಂದಿನ ಭಾನುವಾರ ಲಕ್ಷದ್ವೀಪದ ಅಗತ್ತಿ ಇಡೋಣವಾ? ರನ್‌ವೇ 1,200 ಮೀಟರ್ ಆಸುಪಾಸು, ಸುತ್ತ ನೀರು. ಬೆಂಗಳೂರಿಂದ ನಿಜವಾದ ಎಟಿಆರ್ 2024ರಿಂದ ಹೋಗುತ್ತಿದೆ. ಜಕ್ಕೂರಿನವರ ಹೊಸ ಲೆಕ್ಕಕ್ಕೆ ಸರಿಯಾದ ಪರೀಕ್ಷೆ. ಅಲ್ಲಿ ಮೂರನೇ ಒಂದು ಭಾಗ ಅಂದರೆ 400 ಮೀಟರ್.

ರಾತ್ರಿಪಾಳಿ

ಅಗತ್ತಿಗೆ ಆಲ್ಟರ್ನೇಟ್ (ಅಲ್ಲಿ ಇಳಿಯಲಾಗದಿದ್ದರೆ ಹೋಗುವ ನಿಲ್ದಾಣ) ಯಾವುದು ಹಾಕಬೇಕು? ಸಿಮ್‌ಬ್ರೀಫ್ ಏನೇನೋ ತೋರಿಸುತ್ತಿದೆ.

ಎಟಿಆರ್_ಗುರು

ಕೊಚ್ಚಿ ಹಾಕಿ. ಅಲ್ಲಿಂದ ಕೊಚ್ಚಿ 450 ಕಿಲೋಮೀಟರ್ ಮೇಲೆ, ಹಾಗಾಗಿ ಇಂಧನ ಜಾಸ್ತಿ ಹೊರಬೇಕು. ಭಾರ ಜಾಸ್ತಿ ಆದರೆ ಅಷ್ಟು ಸಣ್ಣ ರನ್‌ವೇಗೆ ಕಷ್ಟ. ಪ್ಯಾಸೆಂಜರ್ ಕಡಿಮೆ ಮಾಡಿ ಪ್ಲಾನ್ ಮಾಡಿ. ಲೋಡ್ ಶೀಟ್ ನಾನು ಬುಧವಾರ ಹಾಕುತ್ತೇನೆ. ಹಗಲು ಹೊತ್ತು, ಬೆಳಿಗ್ಗೆ ಹತ್ತಕ್ಕೆ ಪುಶ್‌ಬ್ಯಾಕ್, ಮತ್ತೆ ರನ್‌ವೇ ಮೇಲಿಂದ ಶುರು ಮಾಡಿದವರಿಗೆ ಸ್ಲಾಟ್ ಇಲ್ಲ.